ರಾಜಿಯಾದ ಮೇಲೆ ಬಿದ್ದ ಚೆಂಡುಗಳು

ನಮ್ಮ ತಂಡದ ಇಬ್ಬರು ಹುಡುಗಿಯರು ಟೂ ಬಿಟ್ಟಿದ್ದಾರೆ ಎಂದು ಯಾರೂ ಬಂದು ನನಗೆ ಹೇಳಲಿಲ್ಲ. ಚೆಂಡು ಹೋಗುತ್ತಿದ್ದ ದಿಕ್ಕು ನೋಡಿ ಗೊತ್ತಾಯಿತು. ಆ ವಾರವೆಲ್ಲ ಎತ್ತಿಕೊಟ್ಟ ಚೆಂಡುಗಳು ಬಲಗಡೆಗೇ ಹೋಗುತ್ತಿದ್ದವು. ಎಡಗಡೆ, ತಂಡದಲ್ಲೇ ಬಿರುಸಾದ ಹೊಡೆತದ ಹುಡುಗಿ ಓಡಿ ಬಂದು, ಹಾರಿ, ಬರಿಗೈಯಲ್ಲಿ ಕೆಳಗಿಳಿಯುತ್ತಿದ್ದಳು.

ವಿಜಯನಗರದ ಒಂದು ಮೈದಾನದಲ್ಲಿ ಸಂಜೆ ಹೊತ್ತು ಹುಡುಗಿಯರಿಗೆ ವಾಲಿಬಾಲ್ ಹೇಳಿಕೊಡುತ್ತೇನೆ. ಬಡಾವಣೆಯ ಕ್ರೀಡಾ ಸಂಘದ ತಂಡ, ಎಲ್ಲರೂ ಪಿಯುಸಿ ಆಸುಪಾಸಿನವರು. ನಾಗರಬಾವಿಯ ಶಾಲೆಯಲ್ಲಿ ಪಿ.ಟಿ. ಟೀಚರ್ ಕೆಲಸ ಮುಗಿಸಿ ಸ್ಕೂಟರಿನಲ್ಲಿ ನಾನು ಬರುವಷ್ಟರಲ್ಲಿ ಅವರು ಮಣ್ಣಿಗೆ ನೀರು ಚಿಮುಕಿಸಿ, ನೈಲಾನ್ ಪಟ್ಟಿಯ ಗೆರೆಗಳನ್ನು ಎಳೆದು ಕಟ್ಟಿ, ನೆಟ್ ಬಿಗಿದಿರಬೇಕು. ಅಷ್ಟು ಶಿಸ್ತು ಇತ್ತು. ಮಾತು ಮಾತ್ರ ಇರಲಿಲ್ಲ.

ವಾಲಿಬಾಲ್ ನೋಡದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ನೆಟ್ ದಾಟಿ ಬಂದ ಚೆಂಡನ್ನು ಒಂದು ತಂಡ ಮೂರೇ ಸಲ ಮುಟ್ಟಬಹುದು. ಮೊದಲು ತಡೆಯುವುದು, ಆಮೇಲೆ ಎತ್ತಿಕೊಡುವುದು, ಕೊನೆಗೆ ಹೊಡೆಯುವುದು. ಎತ್ತಿಕೊಡುವವಳನ್ನು ಸೆಟ್ಟರ್ ಎನ್ನುತ್ತಾರೆ. ಚೆಂಡು ಯಾರ ಕೈಗೆ ಹೋಗಬೇಕು ಎನ್ನುವುದು ಅವಳೊಬ್ಬಳ ತೀರ್ಮಾನ. ಅವಳು ಮನಸ್ಸು ಮಾಡಿದರೆ ಹೊಡೆಯುವವಳನ್ನು ಇಡೀ ಪಂದ್ಯ ಉಪವಾಸ ಕೆಡವಬಹುದು, ಮತ್ತು ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ.

ನಮ್ಮ ಸೆಟ್ಟರ್ ಸಂಘದ ಕಾರ್ಯದರ್ಶಿಯ ಮಗಳು. ಮೈದಾನದ ಎದುರಿನ ಸಾಲಿನಲ್ಲೇ ಮನೆ. ಬೆರಳುಗಳು ಬಲು ಚುರುಕು, ತಲೆ ಅದಕ್ಕಿಂತ ಚುರುಕು. ಹೊಡೆಯುವ ಹುಡುಗಿ ಮಾರೇನಹಳ್ಳಿಯ ವಠಾರದವಳು, ಅಮ್ಮ ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಮನಸ್ಸಿನಲ್ಲಿದ್ದದ್ದು ತಕ್ಷಣ ನಾಲಿಗೆಗೆ ಬರುವ ಸ್ವಭಾವ ಅವಳದು. ಇಬ್ಬರಲ್ಲಿ ಯಾರು ಇಷ್ಟ ಎಂದು ಯಾರಾದರೂ ಕೇಳಿದ್ದರೆ ಇಬ್ಬರೂ ತಲೆನೋವು ಎನ್ನುತ್ತಿದ್ದೆ. ಆದರೆ ಇಬ್ಬರೂ ಇಲ್ಲದಿದ್ದರೆ ನಮ್ಮದು ತಂಡವೇ ಅಲ್ಲ.

ಜಗಳ ಶುರುವಾದದ್ದು ರಾಜಾಜಿನಗರದಲ್ಲಿ. ಅಲ್ಲಿನ ತಂಡದೊಂದಿಗೆ ಪಂದ್ಯವಿತ್ತು, ಹೆಸರಿಗೆ ಸೌಹಾರ್ದ ಪಂದ್ಯ. ಕೊನೆಯ ಸೆಟ್ಟಿನ ತುದಿಯಲ್ಲಿ ಎರಡನೇ ಸಲ ಮುಟ್ಟಬೇಕಾದ ಚೆಂಡು ಇಬ್ಬರ ನಡುವೆ ಬಂತು. ಅದು ಸೆಟ್ಟರ್ ತೆಗೆದುಕೊಳ್ಳಬೇಕಾದ ಚೆಂಡು. ಹಾಗೆ ತೆಗೆದುಕೊಳ್ಳುವವಳು ‘ನಂದು’ ಎಂದು ಕೂಗಬೇಕು, ಅದು ಆಟದ ಮೊದಲ ಪಾಠ. ಅವಳು ಕೂಗಲಿಲ್ಲ. ಹೊಡೆಯುವ ಹುಡುಗಿ ಕಾಯದೆ ನುಗ್ಗಿದಳು. ಚೆಂಡು ನೆಟ್ಟಿಗೆ ಬಡಿದು ಕೆಳಗೆ ಬಿತ್ತು. ಪಂದ್ಯ ಹೋಯಿತು.

“ಅದು ನನ್ ಬಾಲ್ ಕಣೇ!”

“ನಿನ್ ಬಾಲ್ ಆದ್ರೆ ಬಾಯ್ ಬಿಟ್ಟು ಹೇಳ್ಬೇಕಿತ್ತು!”

ಸೆಟ್ಟರ್ ಹತ್ತಿರ ಹೋಗಿ ಮೆಲ್ಲಗೆ ಏನೋ ಅಂದಳು. ನನಗೆ ಕೇಳಿಸಲಿಲ್ಲ. ಮರುಕ್ಷಣ ಹೊಡೆಯುವ ಹುಡುಗಿ ಅವಳ ಭುಜಕ್ಕೆ ಎರಡೂ ಕೈ ಹಾಕಿ ತಳ್ಳಿದಳು. ಸೆಟ್ಟರ್ ಮಣ್ಣಿನಲ್ಲಿ ಕುಸಿದು ಕೂತಳು. ಅಪ್ಪ ಅಮ್ಮಂದಿರು, ಎದುರು ತಂಡ, ಅಂಪೈರ್ ಎಲ್ಲರೂ ನೋಡಿದರು.

ತಳ್ಳಿದ್ದಕ್ಕೆ ಶಿಕ್ಷೆ ಕೊಟ್ಟೆ. ಒಂದು ವಾರ ಬರಬೇಕು, ಗೆರೆ ಕಟ್ಟಬೇಕು, ಚೆಂಡು ಹೆಕ್ಕಿಕೊಡಬೇಕು, ಆಡುವಂತಿಲ್ಲ. ತುಟಿ ಬಿಚ್ಚದೆ ಮಾಡಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಅವಳು ಮತ್ತೆ ಆಡಲು ಬಂದ ವಾರವೇ ಚೆಂಡುಗಳೆಲ್ಲ ಬಲಗಡೆಗೆ ಹೋಗತೊಡಗಿದವು. ಅಷ್ಟರಲ್ಲಿ ಸಂಘದ ಅಧ್ಯಕ್ಷರು ಆಫೀಸಿಗೆ ಕರೆಸಿದರು. ಕೆಟ್ಟ ಮನುಷ್ಯರೇನಲ್ಲ, ಮೈದಾನಕ್ಕೆ ಬೇಲಿ ಹಾಕಿಸಿಕೊಟ್ಟವರೇ ಅವರು. ಪಕ್ಕದಲ್ಲಿ ಕಾರ್ಯದರ್ಶಿ, ಅಂದರೆ ಸೆಟ್ಟರ್‌ನ ತಂದೆ, ತಲೆ ಬಗ್ಗಿಸಿ ಕಾಫಿ ಕುಡಿಯುತ್ತಿದ್ದರು.

“ಮೇಡಂ, ಆ ಮಾರೇನಹಳ್ಳಿ ಹುಡುಗಿಗೆ ಬಾಯಿನೂ ಜಾಸ್ತಿ, ಕೈನೂ ಜಾಸ್ತಿ. ಕೆಂಗೇರಿ ಟೂರ್ನಮೆಂಟ್ ಒಳಗೆ ಇಬ್ರೂ ಸರಿಹೋಗ್ಬೇಕು. ಇಲ್ಲಾಂದ್ರೆ ಅವಳನ್ನ ಕಳಿಸ್ಬಿಡೋಣ.”

“ಜಗಳ ಆಡಿದ್ದು ಇಬ್ರು ಸಾರ್.”

“ತಳ್ಳಿದ್ದು ಒಬ್ಳೇ ಅಲ್ವಾ?”

ಅದು ನಿಜವೇ. ಆದರೆ ಕಳಿಸುವುದು ಎಂದರೇನು ಎಂದು ನನಗೆ ಗೊತ್ತಿತ್ತು. ಅವಳ ಅಮ್ಮ ಆಟಕ್ಕೆ ಬಿಟ್ಟಿದ್ದೇ ಒಂದು ಷರತ್ತಿನ ಮೇಲೆ: ನಡೆದು ಹೋಗುವಷ್ಟು ಹತ್ತಿರ ಇರಬೇಕು, ಕತ್ತಲಾಗುವ ಮುಂಚೆ ಮನೆಯಲ್ಲಿರಬೇಕು. ಪಂದ್ಯಕ್ಕಾದರೆ ತಂಡದ ಜೊತೆ ಕಳಿಸುತ್ತಿದ್ದರು, ದಿನಾ ಒಬ್ಬಳೇ ಬಸವೇಶ್ವರನಗರಕ್ಕೋ ರಾಜಾಜಿನಗರಕ್ಕೋ ಬಸ್ಸು ಹತ್ತಿ ಹೋಗಿ ಆಡು ಎಂದರೆ ಆಗುವ ಮಾತಲ್ಲ. ಇಲ್ಲಿಂದ ಹೊರಗೆ ಹಾಕಿದರೆ ಅವಳ ವಾಲಿಬಾಲ್ ಮುಗಿದಂತೆಯೇ. ಇದನ್ನು ಅಧ್ಯಕ್ಷರಿಗೆ ಹೇಳಿದೆ. “ಅದು ಅವಳು ಯೋಚ್ನೆ ಮಾಡ್ಬೇಕಿತ್ತು” ಎಂದರು.

ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ವಾರ್ಮ್‌ಅಪ್‌ನಲ್ಲಿ ಇಬ್ಬರನ್ನೇ ಜೋಡಿ ಮಾಡಿದೆ. ಚೆಂಡು ಆ ಕಡೆ ಈ ಕಡೆ ಹೋಯಿತು, ಕಣ್ಣು ಒಂದು ಸಲವೂ ಸೇರಲಿಲ್ಲ. ಹಿಂದಿನ ಸಾಲಿನಲ್ಲಿ ಮಾತ್ರ ಆಡುವ, ಬೇರೆ ಬಣ್ಣದ ಜೆರ್ಸಿ ಹಾಕುವ ಲಿಬೆರೊ ಹುಡುಗಿಯನ್ನು ಕ್ಯಾಪ್ಟನ್ ಮಾಡಿದೆ, ನಡುವೆ ಒಬ್ಬಳಿರಲಿ ಎಂದು. ಆ ಬಡಪಾಯಿ ಪೋಸ್ಟ್‌ಮ್ಯಾನ್ ಆಗಿಬಿಟ್ಟಳು. ಒಂದು ಮಾರು ದೂರದಲ್ಲಿ ನಿಂತಿದ್ದವಳು “ಬಾಲ್ ಇನ್ನೂ ಎತ್ತರ ಬೇಕು ಅಂತ ಅವಳಿಗೆ ಹೇಳು” ಎನ್ನುವಳು. ಇನ್ನೊಬ್ಬಳು “ಎತ್ತರ ಸರೀಗೇ ಇದೆ, ಹಾರಕ್ಕೆ ಹೇಳು” ಎನ್ನುವಳು. ಕ್ಯಾಪ್ಟನ್ ಎರಡೂ ಮಾತನ್ನು ಶ್ರದ್ಧೆಯಿಂದ ತಲುಪಿಸುವಳು.

ಎಡಗಡೆಗೂ ಚೆಂಡು ಕೊಡಲೇಬೇಕು ಎಂದು ಸೆಟ್ಟರ್‌ಗೆ ಕಟ್ಟುನಿಟ್ಟಾಗಿ ಹೇಳಿದೆ. ಕೊಟ್ಟಳು. ನೆಟ್ಟಿಗೆ ಒಂದು ಗೇಣು ಹತ್ತಿರ, ಎದುರು ತಂಡದವರು ಬ್ಲಾಕ್ ಮಾಡಲು, ಅಂದರೆ ನೆಟ್ಟಿನ ಮೇಲೆ ಅಡ್ಡಗಟ್ಟಲು, ಕೈ ಚಾಚಿದರೆ ಸಿಗುವ ಹಾಗೆ. ನಾಲ್ಕು ಬೆರಳಿನ ವ್ಯತ್ಯಾಸ ಅಷ್ಟೆ, ಬೇಕೆಂದೇ ಮಾಡಿದ್ದು ಎಂದು ಬೊಟ್ಟು ಮಾಡಿ ತೋರಿಸಲಾಗುತ್ತಿರಲಿಲ್ಲ. ಅಂಥ ಕೆಟ್ಟ ಚೆಂಡನ್ನು ಅಷ್ಟು ಚೊಕ್ಕವಾಗಿ ಕೊಡಲು ಒಳ್ಳೆಯ ಸೆಟ್ಟರ್‌ಗೆ ಮಾತ್ರ ಸಾಧ್ಯ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಜೊತೆಗೆ ಅವಳ ಕೈಚಳಕಕ್ಕೆ ಶಹಭಾಸ್ ಎನ್ನಬೇಕೆನಿಸುತ್ತಿತ್ತು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಅಧ್ಯಕ್ಷರಿಗೆ ಒಂದು ಐಡಿಯಾ ಹೊಳೆಯಿತು. ಮೈದಾನದಲ್ಲಿ ಜಮಖಾನ ಹಾಸಿ, ಕಬ್ಬು ನಿಲ್ಲಿಸಿ, ಬಡಾವಣೆಯ ಹೆಂಗಸರನ್ನೆಲ್ಲ ಸೇರಿಸಿ ಎಳ್ಳು ಬೀರುವ ಕಾರ್ಯಕ್ರಮ ಇಟ್ಟರು. ಎಳ್ಳುಬೆಲ್ಲ ಕೊಟ್ಟು ತೆಗೆದುಕೊಂಡವರು ಹಳೆಯದನ್ನು ಮರೆತು ಒಳ್ಳೆಯ ಮಾತಾಡಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಹುಡುಗಿಯರಿಗೆ ಲಂಗದಾವಣಿ ಉಟ್ಟುಕೊಂಡು ಬರಲು ಹೇಳಿದ್ದರು. ಇಬ್ಬರನ್ನೂ ಮುಂದೆ ಕರೆದು, ಒಬ್ಬರ ಬಾಯಿಗೆ ಒಬ್ಬರ ಕೈಯಿಂದ ಎಳ್ಳುಬೆಲ್ಲ ಹಾಕಿಸಿದರು. ತಬ್ಬಿಕೊಳ್ಳಿ ಎಂದರು. ತಬ್ಬಿಕೊಂಡರು. ಫೋಟೋ ತೆಗೆದು ಆಗಲೇ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದರು.

“ಹೆಣ್ಮಕ್ಳು ಅಂದ್ರೆ ಅಡ್ಜಸ್ಟ್ ಮಾಡ್ಕೊಂಡು ಹೋಗೋರು. ಇವತ್ತಿಂದ ಅಕ್ಕ ತಂಗಿ ಥರ ಇರ್ಬೇಕು, ಆಯ್ತಾ?” ಎಂದರು ಅಧ್ಯಕ್ಷರು. ಇಬ್ಬರೂ ತಲೆಯಾಡಿಸಿದರು. ಹೆಂಗಸರು ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ನಾನೂ ತಟ್ಟಿದೆ. ಪೀಡೆ ತೊಲಗಿತು, ಇನ್ನು ಅವಳನ್ನು ಕಳಿಸುವ ಮಾತು ಬರುವುದಿಲ್ಲ ಎಂದು ನೆಮ್ಮದಿಯಾಯಿತು.

ಆ ನೆಮ್ಮದಿ ಮೊದಲ ಅಭ್ಯಾಸ ಪಂದ್ಯದವರೆಗೆ ಇತ್ತು. ಸಂಘದ ಜೂನಿಯರ್ ಹುಡುಗರ ತಂಡದ ಎದುರು ಆಡಿಸಿದೆ. ಶುರುವಿನಲ್ಲೇ ಒಂದು ಸುಲಭದ ಚೆಂಡು ಸೆಟ್ಟರ್ ಮತ್ತು ಹೊಡೆಯುವ ಹುಡುಗಿಯ ನಡುವೆ ಬಂತು. ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

“ನೀನ್ ತಗೋ ಕಣೇ.”

“ಪರ್ವಾಗಿಲ್ಲ, ನೀನೇ ತಗೋ.”

ಚೆಂಡು ಇಬ್ಬರ ಮಧ್ಯೆ ಧಪ್ಪೆಂದು ಬಿತ್ತು. “ಅಯ್ಯೋ ಸಾರಿ ಕಣೇ” ಎಂದಳು ಒಬ್ಬಳು. “ಇಲ್ಲ ಇಲ್ಲ, ನಂದೇ ತಪ್ಪು” ಎಂದಳು ಇನ್ನೊಬ್ಬಳು. ನೆಟ್ಟಿನ ಆಚೆ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಅದೇ ಕಥೆ. ಮೊದಲು ಎಡಗಡೆಗೆ ಚೆಂಡೇ ಕೊಡದಿದ್ದ ಸೆಟ್ಟರ್ ಈಗ ಬಂದ ಚೆಂಡನ್ನೆಲ್ಲ ಎಡಗಡೆಗೇ ಕೊಡತೊಡಗಿದಳು, ಅಲ್ಲಿ ಹುಡುಗರ ಬ್ಲಾಕ್ ಕಾದು ನಿಂತಿದ್ದರೂ. ಕೊಡದಿದ್ದರೆ ಅವಳಿಗೆ ಬೇಜಾರಾದೀತು ಎಂಬ ಹೆದರಿಕೆ. ಮೊದಲು ಉಪವಾಸ, ಈಗ ಬಲವಂತದ ಊಟ. ಹೊಡೆಯುವ ಹುಡುಗಿಯೂ ಕೆಟ್ಟ ಚೆಂಡು ಬಂದರೆ ಕೆಟ್ಟದು ಎನ್ನಲಿಲ್ಲ, “ಚೆನ್ನಾಗಿತ್ತು ಕಣೇ” ಎಂದು ಕೈ ತಟ್ಟಿದಳು. ಮಿಕ್ಕವರಿಗೂ ರೋಗ ಹತ್ತಿತು. ಹಿಂದಿನ ಸಾಲಿನಲ್ಲೂ ನೀನು, ನೀನು ಎಂಬ ಉಪಚಾರ ಶುರುವಾಯಿತು. ನಮಗಿಂತ ಚಿಕ್ಕ ಹುಡುಗರ ಎದುರು ಮಣ್ಣು ಮುಕ್ಕಿದೆವು. ಟೂ ಬಿಟ್ಟಿದ್ದಾಗಲೂ ನಾವು ಇಷ್ಟು ಕೆಟ್ಟದಾಗಿ ಸೋತಿರಲಿಲ್ಲ.

ನನಗೆ ಬಂದ ಸಿಟ್ಟು ಹುಡುಗಿಯರ ಮೇಲಲ್ಲ. ಅವರು ಮನೆಯಲ್ಲಿ ಕಲಿತದ್ದನ್ನೇ ಮಾಡುತ್ತಿದ್ದರು. ಕೊನೆಯ ದೋಸೆ ತಮ್ಮನಿಗೆ ಬಿಡು, ಕುರ್ಚಿ ನೆಂಟರಿಗೆ ಬಿಡು, ಮಾತು ದೊಡ್ಡವರಿಗೆ ಬಿಡು. ಬಿಟ್ಟುಕೊಟ್ಟವಳೇ ಜಾಣೆ. ಹಾಗೆ ಬೆಳೆದ ಹುಡುಗಿಯರಿಗೆ ನಾನು, ಗಾಳಿಯಲ್ಲಿರುವ ಚೆಂಡಿಗೆ ಓಡುತ್ತಾ ‘ನಂದು’ ಎಂದು ಗಂಟಲು ಹರಿಯುವಂತೆ ಕೂಗಿ ಎನ್ನುತ್ತಿದ್ದೆ. ಜಗಳ ಆಡುವಾಗ ಇಬ್ಬರಿಗೂ ಆ ಗಂಟಲು ಇತ್ತು. ನಾವು ಜಮಖಾನ ಹಾಸಿ, ಸಿಹಿ ತಿನ್ನಿಸಿ ಅದನ್ನು ಮುಚ್ಚಿಸಿದ್ದೆವು. ಮುಚ್ಚಿಸುವಾಗ ನಾನೂ ಚಪ್ಪಾಳೆ ತಟ್ಟಿದ್ದೆ ಎನ್ನುವುದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಮಾರನೆಯ ಸಂಜೆ ಎಲ್ಲರನ್ನೂ ಗೆರೆಯ ಮೇಲೆ ನಿಲ್ಲಿಸಿದೆ.

“ಎಳ್ಳುಬೆಲ್ಲದ ಒಪ್ಪಂದ ಇವತ್ತಿಗೆ ಕ್ಯಾನ್ಸಲ್. ನೀವು ಫ್ರೆಂಡ್ಸ್ ಆಗ್ಬೇಕಾಗಿಲ್ಲ. ಅಕ್ಕ ತಂಗಿ ಅಂತೂ ಬೇಡವೇ ಬೇಡ. ಅಂಕಣದ ಒಳಗೆ ಮಾತಾಡ್ಬೇಕು, ಜೋರಾಗಿ. ಹೊರಗೆ ಏನಾದ್ರೂ ಮಾಡ್ಕೊಳ್ಳಿ.”

ಹುಡುಗಿಯರು ಮುಖ ಮುಖ ನೋಡಿಕೊಂಡರು. ಕ್ಯಾಪ್ಟನ್ ಕೈ ಎತ್ತಿದಳು. “ಮಿಸ್, ಜಗಳ ಆಡ್ಬಹುದಾ?”

“ಆಡ್ಲೇಬೇಕು. ಆದ್ರೆ ಬಾಲ್ ಬಗ್ಗೆ ಮಾತ್ರ.”

ಮನೆಯಿಂದ ಹಳೆಯ ಬೆಡ್‌ಶೀಟುಗಳನ್ನು ತಂದಿದ್ದೆ. ಅವುಗಳನ್ನು ನೆಟ್ಟಿನ ಮೇಲೆ ಬಟ್ಟೆ ಒಣಹಾಕಿದ ಹಾಗೆ ಹಾಕಿ ಪಿನ್ ಚುಚ್ಚಿದೆ. ಈಗ ಆಚೆಯ ಆಟಗಾರರು ಕಾಣುವುದಿಲ್ಲ. ಚೆಂಡು ಬೆಡ್‌ಶೀಟಿನ ಮೇಲಿನಿಂದ ಥಟ್ಟನೆ ಎದುರಾಗುತ್ತದೆ, ಯೋಚಿಸಲು ಸಮಯ ಇರುವುದಿಲ್ಲ, ಮೊದಲು ಕಂಡವಳು ಕೂಗಲೇಬೇಕು. ಕೂಗದೆ ಮುಟ್ಟಿದರೆ ಪಾಯಿಂಟು ಎದುರಿನವರಿಗೆ, ಆ ಚೆಂಡು ಗೆದ್ದಿದ್ದರೂ ಸರಿ. ‘ನೀನು ತಗೋ’ ಎಂದವರು ಮೈದಾನಕ್ಕೆ ಒಂದು ಸುತ್ತು. ಇಬ್ಬರೂ ‘ನಂದು’ ಎಂದು ಕೂಗಿ ಡಿಕ್ಕಿ ಹೊಡೆದುಕೊಂಡರೆ ಶಿಕ್ಷೆ ಇಲ್ಲ. ಹತ್ತಿರದಲ್ಲೇ ಮೇಲುಗಡೆ ಮೆಟ್ರೋ ಹೋಗುತ್ತದೆ. ರೈಲು ಬಂದಾಗಲೂ ಕೇಳಿಸುವಷ್ಟು ಜೋರಾಗಿರಬೇಕು ಎಂದೆ. ಮೊದಲ ದಿನ ಎಲ್ಲರೂ ಸುತ್ತು ಹೊಡೆದು ಹೊಡೆದು ಸುಸ್ತಾದರು, ಆಟ ನಡೆದದ್ದು ಅಷ್ಟಕ್ಕಷ್ಟೆ.

ಅಭ್ಯಾಸ ಶುರುವಾಗುವ ಮುಂಚೆ ಜಗಳದ ಹೊತ್ತು ಎಂದು ಇಟ್ಟೆ. ಇಬ್ಬರೂ ನೆಟ್ಟಿನ ಹತ್ತಿರ ಎದುರುಬದುರು ನಿಲ್ಲಬೇಕು. ಹಿಂದಿನ ದಿನದ ಆಟದಲ್ಲಿ ಕಂಡ ತಪ್ಪನ್ನು ನೇರವಾಗಿ ಹೇಳಬೇಕು. ಪೋಸ್ಟ್‌ಮ್ಯಾನ್ ಇಲ್ಲ.

ಮೊದಲ ಸಲ ಇಬ್ಬರೂ ಕಾಲಿನಿಂದ ಮಣ್ಣು ಕೆದಕುತ್ತಾ ನಿಂತರು. ಕೊನೆಗೆ ಹೊಡೆಯುವ ಹುಡುಗಿ, “ನೀನು ಬಾಲ್ ನೆಟ್‌ಗೆ ಅಂಟಿಸಿ ಕೊಡ್ತೀಯಾ. ಬೇಕೂಂತಾನೇ ಕೊಡ್ತಿದ್ದೆ” ಎಂದಳು.

“ನೀನು ಓಡಿ ಬರೋದು ಲೇಟು. ನಾನೇನ್ ಬಾಲ್‌ನ ಗಾಳೀಲಿ ಹಿಡ್ಕೊಂಡು ನಿಂತ್ಕೊಳ್ಳಾ?”

“ಲೇಟಾ? ನೀನು ಕೊಡ್ತೀಯೋ ಇಲ್ವೋ ಅಂತ ಗೊತ್ತಿಲ್ದೆ ಹೆಂಗ್ ಓಡ್ಲಿ?”

“ತಳ್ಳಕ್ಕೆ ಮಾತ್ರ ಲೇಟ್ ಆಗ್ಲಿಲ್ಲ!”

“ಏನಂದೆ ನೀನು ಅವತ್ತು? ಹೇಳು, ಮಿಸ್ ಎದುರಿಗೆ ಹೇಳು!”

ಸೆಟ್ಟರ್ ಶೂ ಲೇಸ್ ಕಟ್ಟಲು ಬಗ್ಗಿದಳು. ಹೊಡೆಯುವ ಹುಡುಗಿಯ ಮುಖ ಕೆಂಪಾಗಿತ್ತು. “ವಠಾರದೋರಿಗೆ ಕೂಗಾಡೋದು ಬಿಟ್ರೆ ಇನ್ನೇನ್ ಬರುತ್ತೆ ಅಂದ್ಳು ಮಿಸ್. ನಮ್ಮಮ್ಮ ಅಲ್ಲೇ ಹಿಂದೆ ಕೂತಿದ್ರು” ಎಂದಳು.

ಅಷ್ಟು ದಿನ ತಳ್ಳಿದ್ದರ ಲೆಕ್ಕವನ್ನು ಎಲ್ಲರೂ ಇಟ್ಟುಕೊಂಡಿದ್ದೆವು, ಆ ಮಾತಿನ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಈ ಹುಡುಗಿ ಒಂದು ವಾರ ಚೆಂಡು ಹೆಕ್ಕುತ್ತಿದ್ದಾಗಲೂ ಬಾಯಿ ಬಿಟ್ಟಿರಲಿಲ್ಲ. ಅವಳ ಬಾಯಿ ಜಾಸ್ತಿ ಎಂದು ಆಫೀಸಿನಲ್ಲಿ ಅಧ್ಯಕ್ಷರು ಹೇಳಿದ್ದು ನೆನಪಾಯಿತು.

ಸಾರಿ ಕೇಳು ಎಂದು ಸೆಟ್ಟರ್‌ಗೆ ಹೇಳಲಿಲ್ಲ. ಹೇಳಿಸಿದ ಸಾರಿ ಎಷ್ಟು ಬಾಳುತ್ತದೆ ಎಂದು ಆಗಷ್ಟೇ ನೋಡಿದ್ದೆ. ಬದಲಿಗೆ ಶಿಕ್ಷೆ ಕೊಟ್ಟೆ, ಅದೇ ಶಿಕ್ಷೆ: ಒಂದು ವಾರ ಗೆರೆ ಕಟ್ಟಬೇಕು, ಚೆಂಡು ಹೆಕ್ಕಬೇಕು. “ಮನೆ, ಏರಿಯಾ, ಅಮ್ಮ, ಜಾತಿ ಯಾವುದೂ ಈ ಗೆರೆ ಒಳಗೆ ಬರಂಗಿಲ್ಲ. ಇನ್ನೊಂದ್ಸಲ ಬಂದ್ರೆ ಗೇಟಿನ ಆಚೆ, ಯಾರ ಮಗಳೇ ಆಗ್ಲಿ” ಎಂದೆ. ಅವಳಿಗೆ ಅಳು ಬಂತು, ತಡೆದುಕೊಂಡಳು. ಮರುದಿನ ಎಲ್ಲರಿಗಿಂತ ಮುಂಚೆ ಬಂದು ಗೆರೆ ಕಟ್ಟಿದ್ದಳು.

ಆ ವಾರ ಕಳೆದು ಅವಳು ಮತ್ತೆ ಆಡಲು ಬಂದ ಮೇಲೆ ಗದ್ದಲವೋ ಗದ್ದಲ. “ಬಾಲ್ ಗಿಡ್ಡ!” “ನಿನ್ ಜಂಪ್ ಗಿಡ್ಡ!” “ಕೂಗು ಮಾರಾಯ್ತಿ, ಕೂಗು!” ಬೆಡ್‌ಶೀಟಿನ ಎರಡೂ ಕಡೆ ‘ನಂದು ನಂದು’ ಎಂಬ ಅರಚಾಟ, ಮಂಡಿ ಮಂಡಿ ಬಡಿದುಕೊಳ್ಳುವುದು, ಬೀಳುವುದು, ಏಳುವುದು. ಹಿಂದಿನ ಸಾಲಿನ ಮೌನಗೌರಿಯರೂ ಬಾಯಿ ಬಿಟ್ಟರು. ಚೆಂಡು ಬೀಳುವುದು ದಿನೇ ದಿನೇ ಕಡಿಮೆಯಾಯಿತು. ಸೆಟ್ಟರ್ ಎಡಕ್ಕೆ ಕೊಡಬೇಕಾದಾಗ ಎಡಕ್ಕೆ ಕೊಟ್ಟಳು, ಬೇಡವಾದಾಗ “ನಿಂಗೆ ಬ್ಲಾಕ್ ಇದೆ, ಕೊಡಲ್ಲ!” ಎಂದು ಮುಖಕ್ಕೇ ಹೇಳಿದಳು. ಆದರೆ ತಾಲೀಮು ಮುಗಿದ ತಕ್ಷಣ ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ಕೂತು ಶೂ ಬಿಚ್ಚುತ್ತಿದ್ದರು. ಮೈದಾನದ ಹೊರಗೆ ಟೂ ಹಾಗೇ ಇತ್ತು. ನಾನು ಅದರ ತಂಟೆಗೆ ಹೋಗಲಿಲ್ಲ.

ಗದ್ದಲ ಎದುರಿನ ಮನೆಗಳಿಗೂ ಕೇಳಿಸಿತು. ಮತ್ತೆ ಆಫೀಸಿಗೆ ಕರೆ ಬಂತು.

“ಏನ್ ಮೇಡಂ ಇದು? ಜಗಳ ನಿಲ್ಸಿ ಅಂದ್ರೆ ನೀವು ಜಗಳಕ್ಕೇ ಟೈಮ್‌ಟೇಬಲ್ ಹಾಕಿದ್ದೀರಂತೆ? ಅಕ್ಕಪಕ್ಕದೋರು ಫೋನ್ ಮಾಡ್ತಾ ಇದಾರೆ. ಹುಡುಗೀರು ಬೀದೀಲಿ ಹಿಂಗಾ ಕಿರುಚೋದು?”

“ಬೆಳಗ್ಗೆ ಹುಡುಗ್ರು ಕ್ರಿಕೆಟ್ ಆಡ್ತಾ ಕಿರುಚ್ತಾರಲ್ಲ ಸಾರ್, ಅವಾಗ ಫೋನ್ ಬರಲ್ವಾ?”

“ಅದು ಬೇರೆ.”

“ಹೆಂಗ್ ಬೇರೆ ಹೇಳಿ.”

ಅವರು ಮೇಜಿನ ಮೇಲಿದ್ದ ಕನ್ನಡಕವನ್ನು ಎತ್ತಿ ಒರೆಸಿದರು. “ನೋಡಿ, ಕೆಂಗೇರಿಗೆ ನಾನೂ ಬರ್ತೀನಿ. ಅಲ್ಲಿ ಸಂಘದ ಮಾನ ಹೋದ್ರೆ ಆ ಹುಡುಗಿ ಇರಲ್ಲ. ಇದು ಕೊನೇ ಮಾತು” ಎಂದರು.

ಈಗ ಬುದ್ಧಿವಂತಳಾಗಿದ್ದರೆ ದನಿ ತಗ್ಗಿಸಿ ಆಡಿ ಎಂದು ಹುಡುಗಿಯರಿಗೆ ಹೇಳುತ್ತಿದ್ದೆ. ಹೇಳಲಿಲ್ಲ. ಅಧ್ಯಕ್ಷರ ಮಾತನ್ನು ಹೊಡೆಯುವ ಹುಡುಗಿಗೆ ಮಾತ್ರ ಇದ್ದದ್ದು ಇದ್ದ ಹಾಗೆ ತಿಳಿಸಿದೆ. ಕಳೆದುಕೊಳ್ಳುವವಳು ಅವಳು, ತೀರ್ಮಾನದಲ್ಲಿ ಅವಳಿಗೂ ಪಾಲಿರಬೇಕು.

“ಸುಮ್ನೆ ಆಡಿದ್ರೆ ಇರ್ಬಹುದಾ ಮಿಸ್?” ಎಂದು ಕೇಳಿದಳು.

“ಇರ್ಬಹುದು.”

“ಸುಮ್ನೆ ಆಡಕ್ಕೆ ಬರಲ್ಲ ಮಿಸ್ ನಂಗೆ” ಎಂದಳು. ಮತ್ತೆ ಹೋಗಿ ಬೆಡ್‌ಶೀಟ್ ಕಟ್ಟಿದಳು.

ಕೆಂಗೇರಿ ಉಪನಗರದ ಮೈದಾನ ನಮ್ಮದಕ್ಕಿಂತ ಅಗಲ, ಮಣ್ಣು ಗಟ್ಟಿ. ಅಧ್ಯಕ್ಷರೂ ಕಾರ್ಯದರ್ಶಿಯೂ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಮೊದಲ ಎರಡು ಪಂದ್ಯಗಳನ್ನು ಗೆದ್ದೆವು, ಅದೂ ಅರಚಾಡಿಕೊಂಡೇ. ಎರಡನೆಯದರಲ್ಲಿ ಅಂಪೈರ್ ನಮ್ಮ ಕ್ಯಾಪ್ಟನ್ ಅನ್ನು ಕರೆದು, “ಏನಮ್ಮಾ, ಟೀಮಲ್ಲಿ ಏನಾದ್ರೂ ಪ್ರಾಬ್ಲಮ್ಮಾ?” ಎಂದು ಕೇಳಿದರು.

“ಇಲ್ಲ ಸಾರ್, ನಾವು ಮಾತಾಡೋದೇ ಹಿಂಗೆ” ಎಂದಳು ಅವಳು, ಗಂಭೀರವಾಗಿ.

ಸೆಮಿಫೈನಲ್‌ನಲ್ಲಿ ಎದುರಿದ್ದವರು ನಮಗಿಂತ ಎತ್ತರದ ಹುಡುಗಿಯರು, ಹಾಸ್ಟೆಲಿನಲ್ಲಿದ್ದುಕೊಂಡು ಬೆಳಗ್ಗೆ ಸಂಜೆ ಆಡುವವರು. ಅವರ ಬ್ಲಾಕ್ ದಾಟಿಸುವುದು ಸುಲಭವಿರಲಿಲ್ಲ. ಆದರೂ ಆಟವನ್ನು ಕೊನೆಯ ಸೆಟ್ಟಿನವರೆಗೆ ಎಳೆದೆವು. ಅಲ್ಲಿ ಒಂದು ಚೆಂಡು ನಮ್ಮ ಲಿಬೆರೊ ಕೈಗೆ ಬಡಿದು ಅಡ್ಡಾದಿಡ್ಡಿಯಾಗಿ ಮೇಲೆ ಹೋಯಿತು, ಸೆಟ್ಟರ್ ಮತ್ತು ಹೊಡೆಯುವ ಹುಡುಗಿಯ ನಡುವೆ. ಇಬ್ಬರೂ ಓಡಿದರು. ಇಬ್ಬರೂ ಒಂದೇ ಉಸಿರಿಗೆ “ನಂದು!” ಎಂದು ಕೂಗಿದರು. ಭುಜಕ್ಕೆ ಭುಜ ಬಡಿದು ಇಬ್ಬರೂ ಉರುಳಿದರು. ಬೀಳುವ ಮುಂಚೆ ಸೆಟ್ಟರ್ ಬೆರಳ ತುದಿಯಿಂದ ಚೆಂಡನ್ನು ಮೇಲಕ್ಕೆ ತಳ್ಳಿದ್ದಳು. ಬಲಗಡೆಯ ಹುಡುಗಿ ಅದನ್ನು ಆಚೆ ದಾಟಿಸಿದಳು. ಎದುರಿನವರು ನಮ್ಮ ಡಿಕ್ಕಿಯನ್ನೇ ನೋಡುತ್ತಿದ್ದರು, ಚೆಂಡು ಅವರ ಅಂಕಣದಲ್ಲಿ ಬಿತ್ತು. ಮಣ್ಣಿನಲ್ಲಿ ಬಿದ್ದಿದ್ದ ಇಬ್ಬರೂ ಪಾಯಿಂಟ್ ಬಂದದ್ದನ್ನೂ ನೋಡದೆ ಅದು ಯಾರ ಚೆಂಡು ಎಂದು ಕಿತ್ತಾಡುತ್ತಿದ್ದರು. ನನಗೆ ಎದೆ ತುಂಬಿ ಬಂತು.

ಗೆದ್ದೆವು ಎಂದು ಬರೆಯಲು ನನಗೂ ಆಸೆ. ಎರಡು ಪಾಯಿಂಟಿನಲ್ಲಿ ಸೋತೆವು.

ಮರುದಿನ ಸಂಜೆ ಆಫೀಸಿನಲ್ಲಿ ಸಭೆ. ಅಧ್ಯಕ್ಷರು, ಕಾರ್ಯದರ್ಶಿ, ನಾನು. ಹೊಡೆಯುವ ಹುಡುಗಿಯನ್ನು ಕರೆದಿರಲಿಲ್ಲ. ಅವಳೇ ಬಂದು ಗೇಟಿನ ಹತ್ತಿರ ನಿಂತಿದ್ದಳು.

“ಆಟ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ ಎಲ್ಲರ ಎದುರಿಗೆ ಆ ಕಿರುಚಾಟ, ಬಿದ್ದು ಹೊರಳಾಡೋದು, ಬೈದಾಡೋದು. ಸಂಘದ ಹೆಸ್ರು ಏನಾಗ್ಬೇಕು?” ಎಂದರು ಅಧ್ಯಕ್ಷರು.

“ಬೈದಾಡಿದ್ದು ಇಬ್ರು. ಕಳಿಸೋದಾದ್ರೆ ಇಬ್ರನ್ನೂ ಕಳಿಸಿ. ಕಿರುಚೋಕೆ ಹೇಳಿಕೊಟ್ಟಿದ್ದು ನಾನು, ನನ್ನನ್ನೂ ಕಳಿಸಿ. ಒಬ್ಳನ್ನ ಮಾತ್ರ ಕಳಿಸ್ತೀವಿ ಅಂದ್ರೆ ಯಾಕೆ ಅಂತ ನಂಗೂ ಗೊತ್ತು, ನಿಮಗೂ ಗೊತ್ತು” ಎಂದೆ. ನನ್ನ ದನಿಯೂ ಏರಿತ್ತು. ಇಳಿಸಲು ಹೋಗಲಿಲ್ಲ.

ಅಧ್ಯಕ್ಷರು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ, “ನನ್ ಮಗಳನ್ನೇ ಕೇಳಿಬಿಡೋಣ. ತೊಂದ್ರೆ ಆಗಿದ್ದು ಅವಳಿಗೆ ತಾನೇ?” ಎಂದು ಫೋನ್ ಮಾಡಿದರು. ಎದುರು ಮನೆಯಿಂದ ಸೆಟ್ಟರ್ ಬಂದಳು. ಭುಜಕ್ಕೆ ಬ್ಯಾಂಡೇಜು ಸುತ್ತಿತ್ತು.

“ಹೇಳಮ್ಮ, ಹೆದರ್ಕೋಬೇಡ. ಅವಳಿದ್ರೆ ನಿಂಗೆ ಆಡಕ್ಕೆ ಕಷ್ಟ ಅಲ್ವಾ?” ಎಂದು ಅಧ್ಯಕ್ಷರು ಅಕ್ಕರೆಯಿಂದ ಕೇಳಿದರು.

ಅವಳು ಅಪ್ಪನನ್ನು ನೋಡಿದಳು. ನನ್ನ ಕಡೆ ನೋಡಲಿಲ್ಲ.

“ನಾನು ಅವಳ ಜೊತೆ ಮಾತಾಡಲ್ಲ ಅಂಕಲ್. ಮುಂದೆ ಮಾತಾಡ್ತೀನೋ ಇಲ್ವೋ ಗೊತ್ತಿಲ್ಲ” ಎಂದಳು. “ಆದ್ರೆ ಅವಳು ಟೀಮಲ್ಲಿ ಇರ್ಬೇಕು. ಅವಳಿಲ್ಲ ಅಂದ್ರೆ ನಾನು ಬರಲ್ಲ. ಅವತ್ತು ಮೊದ್ಲು ತಪ್ಪು ಮಾತಾಡಿದ್ದು ನಾನು.” ಅಪ್ಪನ ಕಡೆ ತಿರುಗಿ, “ಆ ಮಾತು ನಾನ್ ಎಲ್ಲಿ ಕಲ್ತೆ ಅಂತ ಇಲ್ಲಿ ಹೇಳಲ್ಲ ಅಪ್ಪಾ” ಎಂದಳು.

ಕಾರ್ಯದರ್ಶಿ ಫೋನನ್ನು ಜೇಬಿಗೆ ಹಾಕಿಕೊಂಡರು. ಅಧ್ಯಕ್ಷರು ಮತ್ತೆ ಕನ್ನಡಕ ಒರೆಸಿದರು. ಆಮೇಲೆ, ಸಂಜೆ ಆರೂವರೆಯ ಮೇಲೆ ಗಲಾಟೆ ಕಡಿಮೆ ಇರಲಿ ಎಂದಷ್ಟೇ ಹೇಳಿ ಎದ್ದರು. ಅಷ್ಟು ಹೊತ್ತಿಗೆ ನಮ್ಮ ಅಭ್ಯಾಸ ಹೇಗೂ ಮುಗಿದಿರುತ್ತದೆ, ಅದನ್ನು ನಾನು ಅವರಿಗೆ ನೆನಪಿಸಲಿಲ್ಲ.

ಸೆಟ್ಟರ್ ಗೇಟಿನಲ್ಲಿ ನಿಂತಿದ್ದವಳನ್ನು ದಾಟಿ, ಆ ಕಡೆ ತಿರುಗಿಯೂ ನೋಡದೆ ಮನೆಗೆ ಹೋದಳು. ನಾನು ಹೊರಗೆ ಬಂದೆ. ಹೊಡೆಯುವ ಹುಡುಗಿಯ ಕಣ್ಣು ಊದಿತ್ತು.

“ಇದೀಯಾ. ಟೀಮಲ್ಲೇ ಇದೀಯಾ” ಎಂದೆ.

ಅವಳು ಗೇಟಿನ ಸರಳು ಹಿಡಿದುಕೊಂಡು ಕೇಳಿದಳು: “ಅವಳೇನಂದ್ಳು ಮಿಸ್?”

ಒಂದಕ್ಷರ ಬಿಡದೆ ಹೇಳಿದೆ, ಮಾತಾಡಲ್ಲ ಎಂದದ್ದನ್ನೂ ಸೇರಿಸಿ. ಕೇಳಿಸಿಕೊಂಡು ದುಪಟ್ಟಾದಿಂದ ಮುಖ ಒರೆಸಿಕೊಂಡಳು.

“ಮಾತಾಡ್ದಿದ್ರೆ ಬೇಡ, ನಾನೂ ಮಾತಾಡಲ್ಲ” ಎಂದಳು. “ಭುಜ ವಾಸಿಯಾದ್ಮೇಲೆ ಪ್ರಾಕ್ಟೀಸ್‌ಗೆ ಸ್ವಲ್ಪ ಬೇಗ ಬರಕ್ಕೆ ಹೇಳಿ ಮಿಸ್ ಅವಳಿಗೆ. ಹಿಂದಿನ ಲೈನಿಂದ ಅವಳು ಕೊಡೋ ಬಾಲ್ ಇನ್ನೂ ಲೇಟು.”